ಸಾಮೂಹಿಕ ಶೌಚಗೃಹ: ಸೋಂಕಿನ ಹಾದಿ, ಅಂಜಿಕೆಯ ಹಾದಿ

ಹಲವರು ಕೂಡಿ ಬಳಸುವ ಶೌಚಗೃಹ ಮತ್ತು ಬಚ್ಚಲುಗಳಿಂದ ರೋಗ ಅಂಟುತ್ತದೆ ಎಂಬ ಅಂಜಿಕೆಯು ವಿದ್ಯಾರ್ಥಿನಿಲಯ, ಪಿ.ಜಿ., ವಠಾರ, ಕಾರ್ಮಿಕರ ವಸತಿ ಮುಂತಾದ ಎಲ್ಲ ಕಡೆಗಳಲ್ಲಿಯೂ ಕಂಡುಬರುತ್ತದೆಯಾದರೂ, ಆ ಅಂಜಿಕೆಯಲ್ಲಿ ಎಷ್ಟು ಭಾಗ ರೋಗವಿಜ್ಞಾನಕ್ಕೆ ಸೇರಿದ್ದು, ಎಷ್ಟು ಭಾಗ ಬೇರೆ ಮೂಲಗಳಿಂದ ಬಂದು ವಿಜ್ಞಾನದ ಮಾತನ್ನು ಹೊದ್ದುಕೊಂಡದ್ದು ಎಂಬುದನ್ನು ಬಿಡಿಸಿ ನೋಡುವ ಪ್ರಯತ್ನ ಅಪರೂಪ. ಮುಂದಿನ ಸಂವಾದದಲ್ಲಿ ಮಾತನಾಡುವವರು ಇಬ್ಬರು: ತಾಲ್ಲೂಕು ಕೇಂದ್ರವೊಂದರಲ್ಲಿರುವ ಮೆಟ್ರಿಕ್ ನಂತರದ ಬಾಲಕಿಯರ ವಿದ್ಯಾರ್ಥಿನಿಲಯದ ನಿಲಯಪಾಲಕಿ, ಮತ್ತು ಅದೇ ಊರಿನ ಕಾಲೇಜಿನಲ್ಲಿ ಸೂಕ್ಷ್ಮಜೀವಿಶಾಸ್ತ್ರವನ್ನು ಬೋಧಿಸುವ ಅಧ್ಯಾಪಕಿ. ಇಬ್ಬರಲ್ಲಿ ಒಬ್ಬರಿಗೆ ಪ್ರತಿದಿನವೂ ಉತ್ತರ ಹೇಳಬೇಕಾದ ಹೊಣೆಯಿದೆ. ಇನ್ನೊಬ್ಬರಿಗೆ ಉತ್ತರ ಗೊತ್ತಿದ್ದರೂ ಅದು ಯಾವ ಬದುಕಿಗೆ ಅನ್ವಯಿಸಬೇಕೆಂಬುದನ್ನು ಕೇಳಿ ತಿಳಿಯಬೇಕಾದ ಅಗತ್ಯವಿದೆ.

ನಿಲಯಪಾಲಕಿ: ಹೊಸದಾಗಿ ಸೇರಿದ ವಿದ್ಯಾರ್ಥಿನಿಯರ ದೂರುಗಳಲ್ಲಿ ಶೌಚಗೃಹಕ್ಕೆ ಸಂಬಂಧಿಸಿದವು ಬಹಳ, ಆದರೆ ಅವುಗಳಲ್ಲಿ ಎಲ್ಲವೂ ಕೊಳೆಯ ದೂರುಗಳಲ್ಲ, ಹೆಚ್ಚಿನವು ಭಯದ ದೂರುಗಳು. ಇನ್ನೊಬ್ಬರು ಕುಳಿತ ಕಮೋಡಿನ ಮೇಲೆ ಕುಳಿತರೆ ಗುಪ್ತರೋಗ ಬರುತ್ತದೆ ಎಂದು ಒಬ್ಬಳು ಅಳುತ್ತಾಳೆ, ಉರಿಮೂತ್ರ ಬಂದದ್ದು ಹಾಸ್ಟೆಲಿನ ಶೌಚಗೃಹದಿಂದಲೇ ಎಂದು ಮತ್ತೊಬ್ಬಳು ಮನೆಗೆ ಫೋನ್ ಮಾಡುತ್ತಾಳೆ, ಶೌಚಗೃಹಕ್ಕೆ ಹೋಗುವುದನ್ನು ತಪ್ಪಿಸಿಕೊಳ್ಳುವುದಕ್ಕಾಗಿ ಬೆಳಿಗ್ಗೆಯಿಂದ ಸಂಜೆಯವರೆಗೆ ನೀರನ್ನೇ ಕುಡಿಯದವರೂ ಇದ್ದಾರೆ. ಏನೂ ಆಗುವುದಿಲ್ಲ ಎಂದರೆ ಸುಳ್ಳು ಹೇಳಿದಂತಾಗುತ್ತದೆ, ಹುಷಾರಾಗಿರಿ ಎಂದರೆ ಇದ್ದ ಭಯ ಇಮ್ಮಡಿಸುತ್ತದೆ.

ಅಧ್ಯಾಪಕಿ: ಆ ಎರಡೂ ಉತ್ತರಗಳು ಸಾಲುವುದಿಲ್ಲ ಮೇಡಂ, ಏಕೆಂದರೆ ಎರಡೂ ರೋಗಾಣು ಇದೆಯೋ ಇಲ್ಲವೋ ಎಂಬ ಪ್ರಶ್ನೆಯನ್ನಷ್ಟೇ ಎದುರಿಸುತ್ತವೆ. ಸೂಕ್ಷ್ಮಜೀವಿಗಳಿಲ್ಲದ ಶೌಚಗೃಹ ಎಲ್ಲಿಯೂ ಇಲ್ಲ, ಅವುಗಳಿಲ್ಲದ ಅಂಗೈಯೂ ಇಲ್ಲ. ಅಮೆರಿಕದ ಕೊಲೊರಾಡೊ ರಾಜ್ಯದ ಬೋಲ್ಡರ್ ನಗರದಲ್ಲಿ 12 ಸಾರ್ವಜನಿಕ ಶೌಚಾಲಯಗಳ ಬಾಗಿಲು, ನಲ್ಲಿ, ನೆಲ, ಕಮೋಡು ಮುಂತಾದವುಗಳಿಂದ ಮಾದರಿ ತೆಗೆದು ಬ್ಯಾಕ್ಟೀರಿಯಾಗಳ ವಂಶವಾಹಿಗಳನ್ನು ಓದಿದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಕೈ ಮುಟ್ಟುವ ಜಾಗಗಳಲ್ಲಿ ಚರ್ಮದ ಬ್ಯಾಕ್ಟೀರಿಯಾಗಳು, ಕಮೋಡಿನ ಸುತ್ತ ಕರುಳಿನವು, ನೆಲದ ಮೇಲೆ ಚಪ್ಪಲಿಯೊಂದಿಗೆ ಬಂದ ಮಣ್ಣಿನವು ಹೆಚ್ಚಾಗಿ ದೊರೆತವು. ಮನುಷ್ಯರು ಓಡಾಡುವ ಯಾವ ಕೋಣೆಯಲ್ಲಿಯೂ ಇಂಥ ಚಿತ್ರವೇ ದೊರೆಯುವುದು ಸಹಜವಾದ್ದರಿಂದ, ಇರವಿನಿಂದಷ್ಟೇ ಅಪಾಯ ಹುಟ್ಟುವುದಿಲ್ಲ. ಯಾವ ರೋಗಾಣು, ಎಷ್ಟು ಪ್ರಮಾಣದಲ್ಲಿ, ಯಾವ ದಾರಿಯಲ್ಲಿ ಬಂದು ದೇಹದ ಯಾವ ದ್ವಾರವನ್ನು ತಲುಪಬೇಕು ಎಂಬ ಸರಪಣಿ ಪೂರ್ಣವಾದಾಗ ಮಾತ್ರ ಸೋಂಕು ಉಂಟಾಗುತ್ತದೆ. ಒಂದು ಕೊಂಡಿ ಕಳಚಿದರೂ ಉಳಿದವು ನಿರುಪಯುಕ್ತ.

ನಿಲಯಪಾಲಕಿ: ಕಮೋಡಿನ ವಿಷಯದಲ್ಲಿ ಯಾವ ಕೊಂಡಿ ಕಳಚಿರುತ್ತದೆ?

ಅಧ್ಯಾಪಕಿ: ದ್ವಾರವೇ ಇರುವುದಿಲ್ಲ. ಕುಳಿತಾಗ ತಾಗುವುದು ತೊಡೆಯ ಚರ್ಮ, ಮತ್ತು ಗಾಯವಿಲ್ಲದ ಚರ್ಮವನ್ನು ಭೇದಿಸಿ ಒಳಹೋಗುವ ಶಕ್ತಿ ಗುಪ್ತರೋಗಗಳ ರೋಗಾಣುಗಳಿಗಿಲ್ಲ. ಸಿಫಿಲಿಸ್ ಮತ್ತು ಗೊನೋರಿಯಾಗಳ ಬ್ಯಾಕ್ಟೀರಿಯಾಗಳು ದೇಹದ ಬಿಸಿ ಮತ್ತು ತೇವದಿಂದ ಹೊರಬಂದ ಮೇಲೆ ಬೇಗನೆ ಸಾಯುವಷ್ಟು ನಾಜೂಕಾದವು. ಎಚ್‌ಐವಿ ಶೌಚಗೃಹದಿಂದ ಹರಡುವುದಿಲ್ಲ ಎಂಬುದು ದಶಕಗಳಿಂದ ಖಚಿತವಾಗಿರುವ ಸಂಗತಿ. ಇದರ ಪಕ್ಕದಲ್ಲಿಟ್ಟು ನೋಡಬೇಕಾದ ಒಂದು ವೈರಾಣುವೆಂದರೆ ಯಕೃತ್ತನ್ನು ಕೆಡಿಸುವ ಹೆಪಟೈಟಿಸ್ ಬಿ, ಏಕೆಂದರೆ ಅದು ಒಣಗಿದ ರಕ್ತದಲ್ಲಿಯೂ ಕನಿಷ್ಠ 7 ದಿನ ಉಳಿಯಬಲ್ಲದು, ಮತ್ತು ಅದು ಒಳಹೊಕ್ಕಲು ಬೇಕಾದ ಗಾಯವನ್ನು ಹಂಚಿಕೊಂಡ ರೇಜರ್ ತಾನೇ ಮಾಡಿಕೊಡುತ್ತದೆ. ಕಮೋಡಿಗೆ ಅಂಜುವ ವಿದ್ಯಾರ್ಥಿನಿಯು ಗೆಳತಿಯ ರೇಜರನ್ನು ಯಾವ ಅಳುಕೂ ಇಲ್ಲದೆ ಬಳಸುವುದನ್ನು ಬಹುಶಃ ನೀವೂ ಕಂಡಿರಬಹುದು.

ನಿಲಯಪಾಲಕಿ: ಕಂಡದ್ದುಂಟು. ಆದರೆ ಉರಿಮೂತ್ರದ ವಿಷಯ ಹಾಗಲ್ಲ. ಅದು ನಿಜವಾಗಿಯೂ ಬರುತ್ತಿದೆ.

ಅಧ್ಯಾಪಕಿ: ಬರುತ್ತಿದೆ, ಮತ್ತು ಅದರಲ್ಲಿ ಹಾಸ್ಟೆಲಿನ ಪಾಲೂ ಇದೆ, ಆದರೆ ವಿದ್ಯಾರ್ಥಿನಿಯರು ಎಣಿಸಿದ ರೀತಿಯಲ್ಲಿ ಅಲ್ಲ. ಮೂತ್ರನಾಳದ ಸೋಂಕನ್ನು ಬಹುಪಾಲು ಸಂದರ್ಭಗಳಲ್ಲಿ ಉಂಟುಮಾಡುವುದು ಎಸ್ಚರೀಶಿಯಾ ಕೋಲಿ ಎಂಬ ಬ್ಯಾಕ್ಟೀರಿಯಾ, ಮತ್ತು ಅದು ಬರುವುದು ಅವರವರ ಕರುಳಿನಿಂದಲೇ. ಸ್ತ್ರೀಯರಲ್ಲಿ ಮೂತ್ರ ಹೊರಬರುವ ನಾಳದ ಉದ್ದ ಸುಮಾರು 4 ಸೆಂಟಿಮೀಟರ್ ಮಾತ್ರವಾಗಿದ್ದು, ಅದರ ಬಾಯಿ ಗುದದ್ವಾರಕ್ಕೆ ಹತ್ತಿರವಿರುವುದರಿಂದ ಬ್ಯಾಕ್ಟೀರಿಯಾ ಮೂತ್ರಕೋಶಕ್ಕೆ ಏರುವುದು ಸುಲಭ; ಅದನ್ನು ಮತ್ತೆ ಮತ್ತೆ ತೊಳೆದು ಹೊರಗೆ ಹಾಕುವ ಕೆಲಸವನ್ನು ಮೂತ್ರದ ಹರಿವೇ ಮಾಡುತ್ತದೆ. ನೀರು ಕುಡಿಯದೆ, ಬಂದ ಮೂತ್ರವನ್ನು ಗಂಟೆಗಟ್ಟಲೆ ತಡೆದುಕೊಂಡಾಗ ಆ ತೊಳೆಯುವಿಕೆ ನಿಂತುಹೋಗಿ ಬ್ಯಾಕ್ಟೀರಿಯಾ ಬೆಳೆಯಲು ಸಮಯ ದೊರೆಯುತ್ತದೆ. ಕಮೋಡಿನ ಮೇಲೆ ಕೂರದೆ ಅರ್ಧ ಬಾಗಿ ನಿಲ್ಲುವವರಲ್ಲಿ ಕಿಬ್ಬೊಟ್ಟೆಯ ಕೆಳಗಿನ ಸ್ನಾಯುಗಳು ಪೂರ್ತಿ ಸಡಿಲವಾಗದೆ ಮೂತ್ರದ ಒಂದು ಅಂಶ ಒಳಗೇ ಉಳಿಯಬಹುದು. ಭಯದಿಂದ ಮಾಡಿದ ಉಪಾಯವೇ ಭಯಪಟ್ಟ ರೋಗವನ್ನು ತಂದೊಡ್ಡುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ. ಅಂತೆಯೇ ಚಿಲಕವಿಲ್ಲದ ಬಾಗಿಲು, ಬಲ್ಬಿಲ್ಲದ ಕೋಣೆ, ಮಧ್ಯಾಹ್ನ ನಿಂತುಹೋಗುವ ನಲ್ಲಿನೀರು ಇವೆಲ್ಲವೂ ಮೂತ್ರ ತಡೆದುಕೊಳ್ಳುವಂತೆ ಮಾಡುವ ಕಾರಣಗಳಾದ್ದರಿಂದ, ಅವುಗಳನ್ನು ಸರಿಪಡಿಸುವುದನ್ನು ರೋಗತಡೆಯ ಕೆಲಸವೆಂದೇ ಎಣಿಸಬೇಕು.

ಇಲ್ಲಿಯವರೆಗಿನ ಮಾತುಗಳಿಂದ ಶೌಚಗೃಹವು ನಿರಪಾಯಕರವೆಂಬ ತೀರ್ಮಾನಕ್ಕೆ ಬಂದರೆ ಅದು ಅವಸರದ ತೀರ್ಮಾನವಾಗುತ್ತದೆ. ಮಲದಲ್ಲಿರುವ ರೋಗಾಣುಗಳು ಇನ್ನೊಬ್ಬರ ಬಾಯಿಯನ್ನು ತಲುಪುವ ದಾರಿಗಳನ್ನು ವ್ಯಾಗ್ನರ್ ಮತ್ತು ಲನ್ವಾ ಎಂಬ ಇಬ್ಬರು ತಜ್ಞರು ವಿಶ್ವ ಆರೋಗ್ಯ ಸಂಸ್ಥೆಗಾಗಿ 1958ರಲ್ಲಿ ಬರೆದ ಪುಸ್ತಕದಲ್ಲಿ ಒಂದು ನಕ್ಷೆಯಾಗಿ ತೋರಿಸಿದರು. ನೀರು, ಕೈಬೆರಳು, ನೊಣ, ಮಣ್ಣು ಎಂಬ ನಾಲ್ಕು ಕವಲುಗಳು ಹೆಚ್ಚಾಗಿ ಆಹಾರದಲ್ಲಿ ಕೂಡಿಕೊಂಡು ಮುಂದೆ ಮನುಷ್ಯನ ದೇಹವನ್ನು ಸೇರುವ ಆ ನಕ್ಷೆಯು ಇಂದಿಗೂ ನೈರ್ಮಲ್ಯಶಾಸ್ತ್ರದ ಮೊದಲ ಪಾಠವಾಗಿದೆ.

ನಿಲಯಪಾಲಕಿ: ಹಾಸ್ಟೆಲಿನಲ್ಲಿ ಆ ನಾಲ್ಕರಲ್ಲಿ ಯಾವುದಕ್ಕೆ ಹೆಚ್ಚು ಅಂಜಬೇಕು?

ಅಧ್ಯಾಪಕಿ: ಕುಡಿಯುವ ನೀರು ಸರಿಯಿದೆ ಎಂದು ಇಟ್ಟುಕೊಂಡರೆ, ಬೆರಳಿಗೆ. ಶೌಚದ ನಂತರ ನೀರಿನಿಂದ ತೊಳೆದುಕೊಳ್ಳುವ ಪದ್ಧತಿಯು ದೇಹದ ಶುಚಿಯ ದೃಷ್ಟಿಯಿಂದ ಒಳ್ಳೆಯದು, ಆದರೆ ಅದರಲ್ಲಿ ಕೈಗೆ ಮಲದ ಸ್ಪರ್ಶ ಆಗಿಯೇ ಆಗುತ್ತದೆಯಾದ್ದರಿಂದ ಸೋಪು ಇಲ್ಲದಿದ್ದರೆ ಆ ಪದ್ಧತಿ ಅರ್ಧಕ್ಕೆ ನಿಂತಂತೆ. ಆಮಶಂಕೆಯನ್ನು ತರುವ ಶಿಗೆಲ್ಲಾ ಬ್ಯಾಕ್ಟೀರಿಯಾಗಳು 10ರಿಂದ 100ರಷ್ಟು ಒಳಹೊಕ್ಕರೂ ರೋಗ ಬರಬಹುದು. ವಾಂತಿಭೇದಿಯ ನೊರೊವೈರಸ್‌ಗೂ ಅತ್ಯಲ್ಪ ಪ್ರಮಾಣವೇ ಸಾಕು, ಮೇಲಾಗಿ ಅದು ನಲ್ಲಿ, ಚಿಲಕ, ಬಕೆಟ್ಟಿನ ಹಿಡಿಗಳ ಮೇಲೆ ದಿನಗಟ್ಟಲೆ ಉಳಿಯುತ್ತದೆ, ಮತ್ತು ಮದ್ಯಸಾರದ ಸ್ಯಾನಿಟೈಸರಿಗೆ ಸುಲಭವಾಗಿ ಸೋಲುವುದಿಲ್ಲ. ಕಾಮಾಲೆ ತರುವ ಹೆಪಟೈಟಿಸ್ ಎ ವೈರಾಣುವೂ ಇದೇ ದಾರಿಯಲ್ಲಿ ಸಾಗುತ್ತದೆ. ಸೋಪು ಇವುಗಳನ್ನೆಲ್ಲ ಕೊಲ್ಲುತ್ತದೆ ಎನ್ನುವುದಕ್ಕಿಂತ, ಚರ್ಮದ ಜಿಡ್ಡಿನೊಂದಿಗೆ ಅವುಗಳನ್ನು ಬಿಡಿಸಿ ನೀರಿನೊಡನೆ ಹರಿದುಹೋಗುವಂತೆ ಮಾಡುತ್ತದೆ ಎನ್ನುವುದು ಸರಿ. ಅದಕ್ಕೆ ಕನಿಷ್ಠ 20 ಸೆಕೆಂಡುಗಳ ಉಜ್ಜುವಿಕೆ ಮತ್ತು ಹರಿಯುವ ನೀರು ಬೇಕು.

ನಿಲಯಪಾಲಕಿ: ನಲ್ಲಿಯ ಬಳಿ ಸೋಪು ಇಟ್ಟರೆ, ಎಲ್ಲರೂ ಮುಟ್ಟಿದ ಸೋಪು ಎಂದು ಅದನ್ನೇ ಮುಟ್ಟುವುದಿಲ್ಲ.

ಅಧ್ಯಾಪಕಿ: ಆ ಸಂಶಯವನ್ನೂ ಪರೀಕ್ಷಿಸಿಯಾಗಿದೆ. 1988ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಸೋಪಿನ ಬಿಲ್ಲೆಗಳ ಮೇಲೆ ಬೇಕೆಂದೇ ಅಪಾರ ಸಂಖ್ಯೆಯ ಬ್ಯಾಕ್ಟೀರಿಯಾಗಳನ್ನು ಹಚ್ಚಿ 16 ಜನರಿಂದ ಕೈ ತೊಳೆಸಿದಾಗ, ಯಾರ ಕೈಯಲ್ಲಿಯೂ ಆ ಬ್ಯಾಕ್ಟೀರಿಯಾಗಳು ಪತ್ತೆಯಾಗುವಷ್ಟು ಉಳಿಯಲಿಲ್ಲ. ನೀರು ಬಸಿದುಹೋಗುವ ತಟ್ಟೆಯಲ್ಲಿ ಸೋಪನ್ನು ಇಟ್ಟರೆ ಸಾಕು. ಇನ್ನೂ ಹಿಂಜರಿಕೆಯಿದ್ದರೆ ದ್ರವರೂಪದ ಸೋಪು ಇಡಬಹುದು, ಆದರೆ ಸೋಪೇ ಇಲ್ಲದ ನಲ್ಲಿಗಿಂತ ಹತ್ತು ಜನ ಮುಟ್ಟಿದ ಸೋಪು ಎಷ್ಟೋ ಪಾಲು ಮೇಲು.

ನಿಲಯಪಾಲಕಿ: ಫ್ಲಶ್ ಮಾಡಿದಾಗ ರೋಗಾಣುಗಳು ಕೋಣೆಯೆಲ್ಲ ಹಾರುತ್ತವೆ ಎಂದು ತೋರಿಸುವ ವಿಡಿಯೋ ವಿದ್ಯಾರ್ಥಿನಿಯರ ಫೋನುಗಳಲ್ಲಿ ಓಡಾಡುತ್ತಿದೆ.

ಅಧ್ಯಾಪಕಿ: ಅದರ ಹಿಂದಿರುವ ವಿಜ್ಞಾನ ನಿಜ. ಫ್ಲಶ್ ಮಾಡಿದಾಗ ಏಳುವ ಸೂಕ್ಷ್ಮ ಹನಿಗಳಲ್ಲಿ ಬ್ಯಾಕ್ಟೀರಿಯಾ ಮತ್ತು ವೈರಾಣುಗಳು ಇರಬಹುದೆಂಬುದನ್ನು ಚಾರ್ಲ್ಸ್ ಗೆರ್ಬಾ ಮತ್ತು ಸಂಗಡಿಗರು 1975ರಲ್ಲಿಯೇ ತೋರಿಸಿದ್ದರು. 2022ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದ ಎಂಜಿನಿಯರುಗಳು ಹಸಿರು ಲೇಸರ್ ಬೆಳಕಿನಲ್ಲಿ ಆ ಹನಿಗಳು 8 ಸೆಕೆಂಡುಗಳಲ್ಲಿ 1.5 ಮೀಟರ್ ಎತ್ತರಕ್ಕೆ ಏರುವುದನ್ನು ಚಿತ್ರೀಕರಿಸಿದರು. ಆದರೆ ಅವರು ಪರೀಕ್ಷಿಸಿದ್ದು ಮುಚ್ಚಳವಿಲ್ಲದ, ಒತ್ತಡದ ಕವಾಟವುಳ್ಳ ವಾಣಿಜ್ಯ ಕಟ್ಟಡಗಳ ಕಮೋಡನ್ನು. ಬಕೆಟ್ಟಿನಿಂದ ನೀರು ಸುರಿಯುವ ಇಂಡಿಯನ್ ಶೈಲಿಯ ಶೌಚಗೃಹಕ್ಕೆ ಆ ಅಳತೆಯನ್ನು ಹಾಗೆಯೇ ತಂದು ಅಂಟಿಸಲಾಗದು. ಹನಿ ಹಾರುವುದು ಬೇರೆ, ಹಾರಿದ ಹನಿಯಿಂದ ರೋಗ ಬರುವುದು ಬೇರೆ ಎಂಬುದನ್ನೂ ಮರೆಯಬಾರದು. ಹಲ್ಲುಜ್ಜುವ ಬ್ರಷ್ಷುಗಳನ್ನು ಶೌಚಗೃಹದಲ್ಲಿ ಇಡದೆ ಕೋಣೆಯಲ್ಲಿ ಇಟ್ಟುಕೊಳ್ಳುವಷ್ಟು ಎಚ್ಚರ ಈ ವಿಷಯದಲ್ಲಿ ಸಾಕು.

ನಿಲಯಪಾಲಕಿ: ಹಾಗಾದರೆ ಕಟ್ಟಡದಿಂದ ಬರುವ ಅಪಾಯವೇನೂ ಇಲ್ಲವೇ?

ಅಧ್ಯಾಪಕಿ: ಇದೆ, ಮತ್ತು ಅದು ಯಾರ ಕಣ್ಣಿಗೂ ಬೀಳದ ಜಾಗದಲ್ಲಿದೆ. ಬಚ್ಚಲಿನ ನೆಲದ ಜಾಲರಿಯ ಕೆಳಗೆ ಪ್ಲಂಬರುಗಳು ನಹಾನಿ ಟ್ರ್ಯಾಪ್ ಎಂದು ಕರೆಯುವ ಒಂದು ಬಟ್ಟಲು ಇರುತ್ತದೆ. ಅದರಲ್ಲಿ ಸದಾ ಸುಮಾರು 50 ಮಿಲಿಮೀಟರ್ ಆಳದ ನೀರು ನಿಂತು, ಕೊಳಚೆ ಕೊಳವೆಯ ಗಾಳಿ ಮತ್ತು ಜಿರಲೆಗಳು ಮೇಲೆ ಬಾರದಂತೆ ತಡೆಯುತ್ತದೆ. ಈ ನೀರು ಒಣಗಿದರೆ ಏನಾಗಬಹುದೆಂಬುದನ್ನು 2003ರಲ್ಲಿ ಹಾಂಗ್‌ಕಾಂಗಿನ ಅಮೋಯ್ ಗಾರ್ಡನ್ಸ್ ಎಂಬ ವಸತಿ ಸಂಕೀರ್ಣ ತೋರಿಸಿಕೊಟ್ಟಿತು. ಸಾರ್ಸ್ ರೋಗವಿದ್ದ, ಭೇದಿಯಿಂದ ಬಳಲುತ್ತಿದ್ದ ಒಬ್ಬ ವ್ಯಕ್ತಿ ಅಲ್ಲಿ ಶೌಚಗೃಹ ಬಳಸಿದ ಮೇಲೆ, ಹಲವು ಮನೆಗಳ ಒಣಗಿದ ಟ್ರ್ಯಾಪುಗಳ ಮೂಲಕ, ಬಚ್ಚಲಿನ ಎಕ್ಸಾಸ್ಟ್ ಫ್ಯಾನುಗಳ ಸೆಳೆತಕ್ಕೆ ಸಿಕ್ಕ ಸೋಂಕಿನ ಹನಿಗಳು ಮನೆಯೊಳಗೆ ಬಂದವೆಂದು ತನಿಖೆಗಳು ಅಭಿಪ್ರಾಯಪಟ್ಟವು; 300ಕ್ಕೂ ಹೆಚ್ಚು ನಿವಾಸಿಗಳು ಸೋಂಕಿತರಾಗಿ 42 ಜನರು ತೀರಿಕೊಂಡರು. ಅಲ್ಲಿನ ಮನೆಗಳ ನಡುವೆ ಶೌಚಗೃಹದ ಹಂಚಿಕೆ ಇರಲಿಲ್ಲ, ಪ್ರತಿ ಮನೆಗೂ ತನ್ನದೇ ಶೌಚಗೃಹವಿತ್ತು, ಹಂಚಿಕೆಯಾಗಿದ್ದದ್ದು ಕೊಳವೆ. ಬೇಸಿಗೆ ರಜೆಯಲ್ಲಿ ಮುಚ್ಚಿದ ಹಾಸ್ಟೆಲಿನಲ್ಲಿಯೂ ಈ ಬಟ್ಟಲುಗಳು ಒಣಗುತ್ತವೆ. ರಜೆ ಮುಗಿಯುವ ಮುನ್ನ ಪ್ರತಿಯೊಂದಕ್ಕೂ ಒಂದು ಬಕೆಟ್ ನೀರು ಸುರಿಸುವುದು ಖರ್ಚಿಲ್ಲದ ಕೆಲಸ.

ನಿಲಯಪಾಲಕಿ: ಇದುವರೆಗೆ ಹೇಳದ ಒಂದು ದೂರು ಚರ್ಮದ್ದು. ಒಬ್ಬಳಿಗೆ ತೊಡೆಸಂದಿಯಲ್ಲಿ ಹುಳುಕಡ್ಡಿ ಬಂದರೆ ತಿಂಗಳೊಳಗೆ ಕೋಣೆಯವರಿಗೆಲ್ಲ ಬರುತ್ತದೆ.

ಅಧ್ಯಾಪಕಿ: ಸಾಮೂಹಿಕ ಬಚ್ಚಲಿನಲ್ಲಿ ಅತ್ಯಂತ ಗಂಭೀರವಾಗಿ ತೆಗೆದುಕೊಳ್ಳಬೇಕಾದದ್ದು ಇದೇ ಎಂದರೂ ತಪ್ಪಾಗದು. ಹುಳುಕಡ್ಡಿಗೆ ಕಾರಣ ಹುಳುವಲ್ಲ, ಚರ್ಮದ ಕೆರಟಿನ್ ಎಂಬ ಪದಾರ್ಥವನ್ನು ತಿಂದು ಬದುಕುವ ಶಿಲೀಂಧ್ರ. ಉದುರಿದ ಚರ್ಮದ ಚೂರುಗಳಲ್ಲಿ ಅದರ ಬೀಜಕಣಗಳು ತಿಂಗಳುಗಟ್ಟಲೆ ಉಳಿಯಬಲ್ಲವು, ಮತ್ತು ಅವು ಸಾಗುವುದು ಟವೆಲ್, ಒಳಉಡುಪು, ಹಾಸಿಗೆ, ಒದ್ದೆ ನೆಲದ ಮೂಲಕ. ಭಾರತದಲ್ಲಿ ಈ ರೋಗ ಇತ್ತೀಚಿನ ವರ್ಷಗಳಲ್ಲಿ ಮೊಂಡಾಗಿದೆ. ಔಷಧದಂಗಡಿಯಲ್ಲಿ ವೈದ್ಯರ ಚೀಟಿಯಿಲ್ಲದೆ ದೊರೆಯುವ, ಸ್ಟಿರಾಯ್ಡ್ ಬೆರೆತ ಮುಲಾಮುಗಳು ತುರಿಕೆಯನ್ನು ಕೂಡಲೇ ತಗ್ಗಿಸುತ್ತವೆಯಾದರೂ ಚರ್ಮದ ಪ್ರತಿರೋಧವನ್ನು ಕುಗ್ಗಿಸಿ ಶಿಲೀಂಧ್ರವನ್ನು ಒಳಗೊಳಗೇ ಹಬ್ಬಿಸುತ್ತವೆ. ಟರ್ಬಿನಾಫಿನ್ ಎಂಬ ಮುಖ್ಯ ಔಷಧಕ್ಕೇ ಹಲವು ವೇಳೆ ಬಗ್ಗದ ಒಂದು ಪ್ರಭೇದಕ್ಕೆ 2020ರಲ್ಲಿ ಟ್ರೈಕೊಫೈಟಾನ್ ಇಂಡೋಟಿನಿಯೆ ಎಂದು ಹೆಸರಿಡಲಾಯಿತು. ಆದ್ದರಿಂದ ಒಬ್ಬಳಿಗೆ ಕಾಣಿಸಿಕೊಂಡ ಕೂಡಲೇ ಚರ್ಮವೈದ್ಯರಲ್ಲಿಗೆ ಕಳುಹಿಸಬೇಕು, ಅಕ್ಕಪಕ್ಕದವರನ್ನೂ ಪರೀಕ್ಷಿಸಬೇಕು, ಟವೆಲುಗಳು ಬೇರೆಯಾಗಬೇಕು, ಬಚ್ಚಲಿಗೆ ರಬ್ಬರ್ ಚಪ್ಪಲಿ ಬೇಕು, ಬಟ್ಟೆಗಳು ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಬೇಕು.

ನಿಲಯಪಾಲಕಿ: ಒಳಉಡುಪುಗಳನ್ನು ಯಾರೂ ಬಿಸಿಲಿನಲ್ಲಿ ಹಾಕುವುದಿಲ್ಲ. ಮಂಚದ ಕೆಳಗೆ, ಬಾಗಿಲ ಹಿಂದೆ, ಬೇರೆ ಬಟ್ಟೆಯ ಅಡಿಯಲ್ಲಿ ಒಣಗಿಸುತ್ತಾರೆ. ಮುಟ್ಟಿನ ಬಟ್ಟೆ ಬಳಸುವವರಂತೂ ಇನ್ನೂ ಕತ್ತಲೆಯ ಮೂಲೆಯನ್ನು ಹುಡುಕುತ್ತಾರೆ.

ಅಧ್ಯಾಪಕಿ: ಶಿಲೀಂಧ್ರ ಬೇಡುವ ತೇವವನ್ನೂ ಕತ್ತಲೆಯನ್ನೂ ನಾಚಿಕೆಯೇ ಒದಗಿಸಿಕೊಡುತ್ತಿದೆ ಎಂದಾಯಿತು. ತಾರಸಿಯ ಮೇಲೆ ಸುತ್ತ ಮರೆಕಟ್ಟಿದ, ಮೇಲೆ ತೆರೆದ ಒಂದು ಜಾಗದಲ್ಲಿ ಹಗ್ಗ ಕಟ್ಟಿಸಿದರೆ ಬಿಸಿಲೂ ಸಿಗುತ್ತದೆ, ಮರ್ಯಾದೆಯೂ ಉಳಿಯುತ್ತದೆ.

ಸಂವಾದದ ಈ ಹಂತದಲ್ಲಿ ಒಂದು ವಿಷಯ ಸ್ಪಷ್ಟವಾಗತೊಡಗುತ್ತದೆ. ವಿದ್ಯಾರ್ಥಿನಿಯರು ಅಂಜುವುದು ತಮಗಿಂತ ಮೊದಲು ಒಳಗೆ ಹೋಗಿ ಬಂದ ವ್ಯಕ್ತಿಗೆ. ರೋಗ ಸಾಗುವುದು ಬೆರಳು, ಟವೆಲ್, ಕೊಳವೆ, ಒದ್ದೆ ಬಟ್ಟೆಗಳ ದಾರಿಯಲ್ಲಿ. ಅಂಜಿಕೆ ಮತ್ತು ಅಪಾಯ ಹೀಗೆ ಬೇರೆ ಬೇರೆ ಕಡೆಗೆ ನೋಡುತ್ತಿರುವುದಕ್ಕೆ ಕಾರಣವೇನೆಂಬ ಪ್ರಶ್ನೆಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ.

ನಿಲಯಪಾಲಕಿ: ಹೇಸಿಗೆ ಎಂಬುದು ಹುಟ್ಟಿನಿಂದಲೇ ಬಂದದ್ದಲ್ಲವೇ? ಅದು ಕಾಪಾಡುವುದಕ್ಕೇ ಇದೆ ಎನ್ನುತ್ತಾರೆ.

ಅಧ್ಯಾಪಕಿ: ಲಂಡನ್ನಿನ ಸಂಶೋಧಕಿ ವ್ಯಾಲರೀ ಕರ್ಟಿಸ್ ಅವರ ಜೀವಮಾನದ ಕೆಲಸ ಅದನ್ನೇ ವಾದಿಸಿತು: ಮಲ, ಕೀವು, ಕೊಳೆತ ಮಾಂಸಗಳ ಕುರಿತ ಹೇಸಿಗೆಯು ರೋಗದಿಂದ ದೂರವಿರಲೆಂದು ವಿಕಾಸದಲ್ಲಿ ರೂಪುಗೊಂಡ ಸ್ವಭಾವ. ಆದರೆ ಆ ಸ್ವಭಾವಕ್ಕೆ ಲೆಕ್ಕಾಚಾರ ಬರುವುದಿಲ್ಲ. 1986ರಲ್ಲಿ ಪಾಲ್ ರೋಝಿನ್ ಎಂಬ ಮನೋವಿಜ್ಞಾನಿ ಮತ್ತು ಸಂಗಡಿಗರು, ಕ್ರಿಮಿಶುದ್ಧಿ ಮಾಡಿದ ಸತ್ತ ಜಿರಲೆಯೊಂದನ್ನು ಹಣ್ಣಿನ ರಸದಲ್ಲಿ ಅದ್ದಿ ತೆಗೆದು ಕೊಟ್ಟಾಗ, ಅದರಿಂದ ಅಪಾಯವಿಲ್ಲವೆಂದು ತಿಳಿದಿದ್ದರೂ ಜನ ಅದನ್ನು ಕುಡಿಯಲು ಹಿಂಜರಿದರು. ಒಮ್ಮೆ ತಾಗಿದ್ದು ಎಂದೆಂದಿಗೂ ತಾಗಿಯೇ ಇರುತ್ತದೆ ಎಂಬ ಈ ಭಾವನೆಗೂ ಮಡಿ-ಮೈಲಿಗೆಯ ಕಲ್ಪನೆಗೂ ಹತ್ತಿರದ ನಂಟಿದೆ. ಮೈಲಿಗೆಗೆ ಪ್ರಮಾಣವಿಲ್ಲ, ಕಾಲಮಿತಿಯಿಲ್ಲ, ದಾರಿಯೂ ಬೇಕಾಗಿಲ್ಲ; ಅದು ಮುಟ್ಟಿದವರು ಯಾರು ಎಂದಷ್ಟೇ ಕೇಳುತ್ತದೆ. ರೋಗಾಣುವು ಆ ಪ್ರಶ್ನೆಯನ್ನು ಕೇಳುವುದೇ ಇಲ್ಲ.

ನಿಲಯಪಾಲಕಿ: ಒಂದು ವಿಷಯ ಹೇಳಲು ಸಂಕೋಚವಾಗುತ್ತದೆ. ಕೆಲವು ಹುಡುಗಿಯರು ಬಳಸಿದ ಮೇಲೆ ಬೇರೆಯವರು ಆ ಶೌಚಗೃಹಕ್ಕೆ ಹೋಗುವುದಿಲ್ಲ, ಕೇಳಿದರೆ ನೈರ್ಮಲ್ಯದ ಮಾತಾಡುತ್ತಾರೆ. ಸ್ವಚ್ಛ ಮಾಡುವ ಹೆಂಗಸು ಮುಟ್ಟಿದ ಬಕೆಟ್ಟನ್ನು ಮೂರು ಸಲ ತೊಳೆಯುತ್ತಾರೆ.

ಅಧ್ಯಾಪಕಿ: ಸಂಕೋಚವಿಲ್ಲದೆ ಹೇಳಲೇಬೇಕಾದ ಮಾತು ಅದು. ದೇವರಾಜ ಅರಸು ಅವರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಕರ್ನಾಟಕದಲ್ಲಿ 1970ರ ದಶಕದಲ್ಲಿಯೇ ನಿಷೇಧಿಸಿದರು, 2013ರ ಕೇಂದ್ರ ಕಾಯಿದೆಯು ಮಲ ಬಾಚುವ ಕೆಲಸಕ್ಕೆ ಮನುಷ್ಯರನ್ನು ಹಚ್ಚುವುದನ್ನು ಅಪರಾಧವೆಂದಿತು, ಆದರೂ ಮನೆಗೆಲಸದವರಿಗೆ ಶೌಚಗೃಹ ಬಳಸಗೊಡದ ಮನೆಗಳು ನಗರಗಳಲ್ಲಿ ಇಂದಿಗೂ ಇವೆ. ಜಾತಿಯ ಹೆಸರಿನಲ್ಲಿ ಆಡಲಾಗದ ಮಾತನ್ನು ರೋಗಾಣುವಿನ ಹೆಸರಿನಲ್ಲಿ ಆಡುವುದು ಸುಲಭವಾಗಿಬಿಟ್ಟಿದೆ, ಮತ್ತು ಆ ಮಾತಿಗೆ ಸೂಕ್ಷ್ಮಜೀವಿಶಾಸ್ತ್ರದಲ್ಲಿ ಎಳ್ಳಷ್ಟೂ ಆಧಾರವಿಲ್ಲವೆಂದು ಸಾರಿ ಹೇಳುವುದು ಆ ಶಾಸ್ತ್ರವನ್ನು ಬೋಧಿಸುವವರ ಕರ್ತವ್ಯ. ನಿಜವಾದ ಅಪಾಯದಲ್ಲಿರುವವರು ಆ ಹೆಂಗಸೇ. ಎಲ್ಲರ ಮಲವನ್ನು ಪ್ರತಿದಿನ ತೊಳೆಯುವ ಕೈಗೆ ಗ್ಲೌಸು ಇದೆಯೇ?

ನಿಲಯಪಾಲಕಿ: ವರ್ಷಕ್ಕೊಂದು ಜೊತೆ ಬರುತ್ತದೆ. ಬ್ಲೀಚಿಂಗ್ ಪೌಡರ್, ಆಸಿಡ್, ಫಿನಾಯಿಲ್ ಮಾತ್ರ ಧಾರಾಳ; ಮೂರನ್ನೂ ಒಟ್ಟಿಗೆ ಹಾಕಿ ಉಜ್ಜುತ್ತಾರೆ.

ಅಧ್ಯಾಪಕಿ: ಅದನ್ನು ಇಂದೇ ನಿಲ್ಲಿಸಬೇಕು. ಬ್ಲೀಚಿಂಗ್ ಪೌಡರಿಗೆ ಆಸಿಡ್ ಅಥವಾ ಆಮ್ಲವಿರುವ ಟಾಯ್ಲೆಟ್ ಕ್ಲೀನರ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಕಿಟಕಿಯಿಲ್ಲದ ಶೌಚಗೃಹದಲ್ಲಿ ಅದು ಶ್ವಾಸಕೋಶವನ್ನು ಸುಡುತ್ತದೆ. ಮೊದಲು ನೀರು ಮತ್ತು ಸೋಪಿನ ಪುಡಿಯಿಂದ ಕೊಳೆ ತೆಗೆಯಬೇಕು, ಏಕೆಂದರೆ ಕೊಳೆಯ ಮೇಲೆ ಸುರಿದ ಕ್ಲೋರಿನ್ ಕೊಳೆಯೊಡನೆಯೇ ವ್ಯಯವಾಗಿಹೋಗುತ್ತದೆ. ಆನಂತರ, ಶೇ. 33ರಷ್ಟು ಕ್ಲೋರಿನ್ ಇರುವ ತಾಜಾ ಬ್ಲೀಚಿಂಗ್ ಪೌಡರನ್ನು ಲೀಟರಿಗೆ 30 ಗ್ರಾಂನಂತೆ ಕದಡಿದರೆ ಸುಮಾರು ಶೇ. 1ರ ದ್ರಾವಣ ಸಿದ್ಧವಾಗುತ್ತದೆ. ಅದನ್ನು ಹಚ್ಚಿ 10 ನಿಮಿಷ ಬಿಟ್ಟು ತೊಳೆಯಬೇಕು. ನಲ್ಲಿ, ಚಿಲಕ, ಮಗ್ಗಿನ ಹಿಡಿ ಇವುಗಳನ್ನು ಒರೆಸುವುದಕ್ಕೆ ಶೌಚಗೃಹದ ಬಟ್ಟೆಯನ್ನು ಬಳಸದೆ ಬೇರೆಯ ಬಟ್ಟೆ ಇಡಬೇಕು. ಬಾಯಿ ತೆರೆದಿಟ್ಟ ಚೀಲದ ಪುಡಿ ತೇವಕ್ಕೆ ಸಿಕ್ಕಿ ಸತ್ವ ಕಳೆದುಕೊಳ್ಳುತ್ತದೆಯಾದ್ದರಿಂದ ಮುಚ್ಚಳದ ಡಬ್ಬಿ ಬೇಕು. ಫಿನಾಯಿಲಿನ ವಾಸನೆ ಬಂದರೆ ಶುಚಿಯಾಯಿತೆಂಬ ನಂಬಿಕೆಯನ್ನೂ ಬಿಡಬೇಕು. ವಾಸನೆ ಮೂಗಿಗೆ ಸಂಬಂಧಿಸಿದ್ದು.

ನಿಲಯಪಾಲಕಿ: ಇಷ್ಟೆಲ್ಲ ಮಾಡಿದರೂ ಒಬ್ಬಳ ಭಯ ಹೋಗದು ಎನಿಸುತ್ತದೆ. ಕೈ ತೊಳೆಯಲು ನಿಂತರೆ ಅರ್ಧ ಗಂಟೆ, ಮತ್ತೆ ಬಂದು ಮತ್ತೆ ತೊಳೆಯುತ್ತಾಳೆ, ಬೆರಳುಗಳೆಲ್ಲ ಬಿರುಕು ಬಿಟ್ಟಿವೆ. ಸಾಕೆಂದು ತನಗೂ ಗೊತ್ತು, ನಿಲ್ಲಿಸಲಾಗುತ್ತಿಲ್ಲ ಎನ್ನುತ್ತಾಳೆ.

ಅಧ್ಯಾಪಕಿ: ಆ ಹುಡುಗಿಗೆ ರೋಗಾಣುಗಳ ಪಾಠದಿಂದ ಉಪಯೋಗವಿಲ್ಲ, ಬೈಗುಳದಿಂದ ಹಾನಿಯಿದೆ. ಬೇಡವೆಂದರೂ ಮರಳಿ ಮರಳಿ ಬರುವ ಯೋಚನೆ, ಅದನ್ನು ಶಮನಗೊಳಿಸಲು ಮತ್ತೆ ಮತ್ತೆ ಮಾಡಲೇಬೇಕಾದ ಕ್ರಿಯೆ ಇವೆರಡೂ ಸೇರಿದ ಸ್ಥಿತಿಯನ್ನು ವೈದ್ಯರು ಗೀಳು ಮನೋರೋಗ ಎನ್ನುತ್ತಾರೆ. ಪ್ರತಿ ಸಲ ತೊಳೆದಾಗಲೂ ಕ್ಷಣಕಾಲ ಸಿಗುವ ನೆಮ್ಮದಿಯೇ ಮುಂದಿನ ಸಲದ ಒತ್ತಾಯವನ್ನು ಬಲಪಡಿಸುತ್ತದೆ. ಇದಕ್ಕೆ ಪರಿಣಾಮಕಾರಿಯಾದ ಔಷಧಗಳಿವೆ. ಅಂಜಿಕೆ ಹುಟ್ಟಿಸುವ ವಸ್ತುವನ್ನು ಹಂತ ಹಂತವಾಗಿ ಮುಟ್ಟಿಸಿ, ತೊಳೆಯದೆ ಇರುವುದನ್ನು ಅಭ್ಯಾಸ ಮಾಡಿಸುವ ವರ್ತನಾ ಚಿಕಿತ್ಸೆಯೂ ಇದೆ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಲ್ಲಿಗಾಗಲಿ ಬೆಂಗಳೂರಿನ ನಿಮ್ಹಾನ್ಸ್‌ಗಾಗಲಿ ಕರೆದೊಯ್ಯಬಹುದು. ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತನಾಡಬಹುದು. ಬಿರುಕುಬಿಟ್ಟ ಚರ್ಮವೇ ರೋಗಾಣುಗಳಿಗೆ ಬಾಗಿಲು ತೆರೆಯುತ್ತದೆಯಾದ್ದರಿಂದ ಅದಕ್ಕೂ ಆರೈಕೆ ಬೇಕು.

ನಿಲಯಪಾಲಕಿ: ಈ ವರ್ಷದ ಬೇಡಿಕೆಪಟ್ಟಿಯಲ್ಲಿ ಎರಡು ಹೊಸ ಕಮೋಡು ಮತ್ತು ಸುವಾಸನೆಯ ಫಿನಾಯಿಲ್ ಬರೆದಾಗಿತ್ತು. ಅದನ್ನು ತೆಗೆದು ಚಿಲಕ, ಬಲ್ಬು, ಸೋಪಿನ ತಟ್ಟೆ, ತಾರಸಿಯ ಮರೆ, ತಿಂಗಳಿಗೊಂದು ಜೊತೆ ಗ್ಲೌಸು ಎಂದು ಬರೆಯಬಹುದು.

ಅಧ್ಯಾಪಕಿ: ಗ್ಲೌಸಿನ ಜೊತೆಗೆ ಗಮ್‌ಬೂಟುಗಳನ್ನೂ ಸೇರಿಸಿ. ಕೆಲಸ ಮುಗಿದ ಮೇಲೆ ಸ್ವಚ್ಛತಾ ಕೆಲಸದವರು ಸ್ನಾನ ಮಾಡುವುದೆಲ್ಲಿ?

ನಿಲಯಪಾಲಕಿ: ಹಾಸ್ಟೆಲಿನಲ್ಲಿ ಅವರಿಗೆ ಬಚ್ಚಲಿಲ್ಲ, ಮನೆಗೆ ಹೋಗಿ ಮಾಡುತ್ತಾರೆ.

ಅಧ್ಯಾಪಕಿ: ನೆಲಮಹಡಿಯಲ್ಲಿ ಸಾಮಾನು ತುಂಬಿದ ಬಚ್ಚಲೊಂದಿದೆ ಎಂದು ಹಿಂದೊಮ್ಮೆ ಹೇಳಿದ್ದಿರಿ. ಅದನ್ನು ಖಾಲಿ ಮಾಡಿಸಿ, ಬಿಸಿನೀರು, ಸೋಪು ಇಡಿಸಿ. ವಿದ್ಯಾರ್ಥಿನಿಯರೂ ಅದನ್ನೇ ಬಳಸಲಿ, ಯಾರಿಗೂ ಪ್ರತ್ಯೇಕವೆಂದು ಬಾಗಿಲ ಮೇಲೆ ಬರೆಸಬೇಡಿ.